ಕೆಳಗೆ ಹಾರಿದರೆ ಕಾಣುವ ನೆಲ

ಹುಬ್ಬಳ್ಳಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿದವರಿಗೆ ಮಲೆನಾಡು ಶುರುವಾಯಿತು ಅನ್ನಿಸುವುದು ಕಿರವತ್ತಿಯ ಆಸುಪಾಸಿನಲ್ಲಿ. ಕಲಘಟಗಿ ದಾಟುವ ತನಕ ಹೊಲ, ಕೆರೆ, ಬಯಲು. ಆಮೇಲೆ ರಸ್ತೆಯ ಎರಡೂ ಬದಿಗೆ ತೇಗದ ಮರಗಳು ಒತ್ತಿ ನಿಲ್ಲುತ್ತವೆ, ನೋಟ ಅಲ್ಲಿಗೇ ಮುಗಿಯುತ್ತದೆ. ಬಯಲು ಎಲ್ಲಿ ಮುಗಿಯಿತು, ಹಳ್ಳಗಳು ಯಾವ ಕಡೆ ತಿರುಗಿದವು, ಮುಂದಿನ ಕಣಿವೆ ಎಷ್ಟು ಆಳ ಎನ್ನುವುದು ರಸ್ತೆಯಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಮೇಲಕ್ಕೆ ಹೋಗಬೇಕು, ಆದರೆ ತೀರಾ ಮೇಲಕ್ಕಲ್ಲ.

ಸಣ್ಣ ವಿಮಾನದಲ್ಲಿ ಹಾಗೆ ಹಾರುವ ಅವಕಾಶ ನಮ್ಮಲ್ಲಿ ಬೆರಳೆಣಿಕೆಯ ಜನರಿಗೆ ಮಾತ್ರ. ಉಳಿದವರಿಗೆ ಅದನ್ನು ಒದಗಿಸಿದ್ದು ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್. ಜಗತ್ತಿನ ಉದ್ದಗಲಕ್ಕೂ ಲಕ್ಷಾಂತರ ಜನ ಇಂದು ಮನೆಯಲ್ಲೇ ಕೂತು, ಎರಡೋ ನಾಲ್ಕೋ ಸೀಟಿನ ವಿಮಾನದಲ್ಲಿ, ಒಂದೂರಿನಿಂದ ಇನ್ನೊಂದೂರಿಗೆ ಹಂತಹಂತವಾಗಿ ಭೂಮಿ ಸುತ್ತುತ್ತಿದ್ದಾರೆ. ಈ ಹವ್ಯಾಸ ಎಲ್ಲಿಂದ ಬಂತು, ಇದರಲ್ಲಿ ನಿಜವೆಷ್ಟು, ನಮ್ಮ ಶಿರಸಿ–ಸಿದ್ದಾಪುರ–ಯಲ್ಲಾಪುರದ ನೆಲ ಇದರಲ್ಲಿ ಹೇಗೆ ಕಾಣುತ್ತದೆ, ನಮ್ಮ ಮಕ್ಕಳಿಗೆ ಇದರಿಂದೇನು ಪ್ರಯೋಜನ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಇಲ್ಲಿದೆ.

ತಿದಿಯಿಂದ ಉಪಗ್ರಹಕ್ಕೆ

ಮೊದಲ ಯಶಸ್ವಿ ಸಿಮ್ಯುಲೇಟರ್ ಹುಟ್ಟಿದ್ದು ವಾದ್ಯ ತಯಾರಿಸುವ ಕಾರ್ಖಾನೆಯಲ್ಲಿ. ಅಮೆರಿಕದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಎಡ್ವಿನ್ ಲಿಂಕ್ ಅವರ ತಂದೆ ಪಿಯಾನೊ ಮತ್ತು ಆರ್ಗನ್ ತಯಾರಿಸುತ್ತಿದ್ದರು. ಆರ್ಗನ್‌ಗೆ ಗಾಳಿ ಊದುವ ತಿದಿ, ಪಂಪುಗಳನ್ನೇ ಬಳಸಿಕೊಂಡು ಲಿಂಕ್ 1929ರಲ್ಲಿ ವಾಲುವ, ತಿರುಗುವ, ಮೂಗು ಎತ್ತುವ ಒಂದು ತರಬೇತಿ ಯಂತ್ರ ಕಟ್ಟಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಮಿತ್ರರಾಷ್ಟ್ರಗಳ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕೂತು, ಕಿಟಕಿಯಾಚೆ ಏನೂ ಕಾಣದಿದ್ದಾಗ ಬರೀ ಮಾಪಕಗಳನ್ನು ನಂಬಿ ಹಾರುವುದನ್ನು ಕಲಿತರು.

ಅದು ಮನೆಯ ಮೇಜಿಗೆ ಬಂದದ್ದು ಅರ್ಧ ಶತಮಾನದ ನಂತರ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಮಾಡಿದ ಕೆಲಸವನ್ನೇ ಮುಂದುವರಿಸಿ, ಆ್ಯಪಲ್ 2 ಕಂಪ್ಯೂಟರಿಗೆ ಒಂದು ಸಿಮ್ಯುಲೇಟರ್ ಬರೆದರು. 1982ರಲ್ಲಿ ಅದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಬಂತು. ಮುಂದೆ ವರ್ಷಗಟ್ಟಲೆ ಆ ಸರಣಿಯ ಹಾರಾಟ ಶುರುವಾಗುತ್ತಿದ್ದುದು ಷಿಕಾಗೊದ ಕೆರೆದಂಡೆಯ ಮೀಗ್ಸ್ ಫೀಲ್ಡ್ ಎಂಬ ಪುಟ್ಟ ವಿಮಾನ ನಿಲ್ದಾಣದಿಂದ. 2003ರ ಮಾರ್ಚಿನ ಒಂದು ರಾತ್ರಿ ಆ ನಗರದ ಮೇಯರ್ ಅದರ ರನ್‌ವೇಯನ್ನು ಅಗೆಸಿಬಿಟ್ಟರು. ಹಳೆಯ ಸಿಮ್ಯುಲೇಟರುಗಳಲ್ಲಿ ಆ ರನ್‌ವೇ ಇಂದಿಗೂ ಇದೆ.

ದೊಡ್ಡ ಬದಲಾವಣೆ ಬಂದದ್ದು 2020ರ ಆಗಸ್ಟ್ 18ರಂದು. ಫ್ರಾನ್ಸಿನ ಅಸೋಬೊ ಸ್ಟುಡಿಯೊ ಸಿದ್ಧಪಡಿಸಿದ ಹೊಸ ಮೈಕ್ರೋಸಾಫ್ಟ್ ಸಿಮ್ಯುಲೇಟರ್, ಇಡೀ ಭೂಮಿಯ ಉಪಗ್ರಹ ಮತ್ತು ವೈಮಾನಿಕ ಚಿತ್ರಗಳನ್ನು ಸರ್ವರ್‌ನಿಂದ ಹಾರಾಟದ ನಡುವೆಯೇ ತರಿಸಿಕೊಳ್ಳತೊಡಗಿತು. ಹಿಂದೆ ದೊಡ್ಡ ನಗರಗಳನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ ಬಗೆಯ ಹಸಿರು ಹಾಸು. ಈಗ ಕಿರವತ್ತಿಯ ಮೇಲೆ ಹಾರಿದರೆ ಕಿರವತ್ತಿಯದೇ ಚಿತ್ರ. ಜಗತ್ತಿನ ಸುಮಾರು 37,000 ವಿಮಾನ ನಿಲ್ದಾಣಗಳು ಅದರಲ್ಲಿದ್ದವು. 2024ರ ನವೆಂಬರಿನಲ್ಲಿ ಅದರ ಮುಂದಿನ ಆವೃತ್ತಿಯೂ ಬಂದಿದೆ. ಆಸ್ಟಿನ್ ಮೇಯರ್ ಆರಂಭಿಸಿದ ಎಕ್ಸ್-ಪ್ಲೇನ್ ಇದರ ಹಳೆಯ ಪ್ರತಿಸ್ಪರ್ಧಿ. ರೆಕ್ಕೆಯನ್ನು ತುಂಡುತುಂಡಾಗಿ ಲೆಕ್ಕ ಹಾಕಿ, ಪ್ರತಿ ತುಂಡಿನ ಮೇಲೂ ಗಾಳಿಯ ಒತ್ತಡವೆಷ್ಟು ಎಂದು ಎಣಿಸುವುದು ಅದರ ವಿಶೇಷ. 1990ರ ದಶಕದ ಕೊನೆಯಲ್ಲಿ ಸ್ವಯಂಸೇವಕರು ಕಟ್ಟಲು ತೊಡಗಿದ ಫ್ಲೈಟ್‌ಗಿಯರ್ ಪೂರ್ತಿ ಉಚಿತ. ಗೂಗಲ್ ಅರ್ಥ್ ಕೂಡ 2007ರಿಂದ ತನ್ನೊಳಗೆ ಒಂದು ಸರಳ ಸಿಮ್ಯುಲೇಟರ್ ಇಟ್ಟುಕೊಂಡಿದೆ.

ಸಣ್ಣ ವಿಮಾನವೇ ಏಕೆ?

ಸಿಮ್ಯುಲೇಟರಿನಲ್ಲಿ ಏರ್‌ಬಸ್ಸೂ ಇದೆ, ಯುದ್ಧ ವಿಮಾನವೂ ಇದೆ. ಆದರೆ ಊರು ನೋಡಬೇಕೆನ್ನುವವರು ಆರಿಸಿಕೊಳ್ಳುವುದು ಸೆಸ್ನಾ 172ರಂಥ ವಿಮಾನವನ್ನು. 1955ರಲ್ಲಿ ಮೊದಲು ಹಾರಿದ ಈ ನಾಲ್ಕು ಸೀಟಿನ ವಿಮಾನ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ಅದರ ರೆಕ್ಕೆ ಕಿಟಕಿಯ ಮೇಲಿದೆ, ಹಾಗಾಗಿ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ವೇಗ ಗಂಟೆಗೆ ಸುಮಾರು 220 ಕಿಲೋಮೀಟರ್. ಜೆಟ್ ವಿಮಾನ 35,000 ಅಡಿಯಲ್ಲಿ ಹಾರುವಾಗ ಇಡೀ ಉತ್ತರ ಕನ್ನಡ ಜಿಲ್ಲೆ ಕೆಲವೇ ನಿಮಿಷಗಳ ಹಸಿರು ಮಬ್ಬು. ಸೆಸ್ನಾದಲ್ಲಿ ನೆಲದಿಂದ ಎರಡು ಸಾವಿರ ಅಡಿ ಎತ್ತರದಲ್ಲಿ ಹೋದರೆ ರಸ್ತೆ, ತೋಟ, ಕೆರೆಯ ಏರಿ ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ, ಗುರುತು ಹಿಡಿಯಲು ಸಮಯವೂ ಸಿಗುತ್ತದೆ.

ಸಣ್ಣ ವಿಮಾನದ ಇನ್ನೊಂದು ಗುಣ, ಅದು ದಾರಿಯನ್ನು ನಮ್ಮಿಂದಲೇ ಹುಡುಕಿಸುತ್ತದೆ. ಜಿಪಿಎಸ್ ಆರಿಸಿ, ನಕ್ಷೆ, ದಿಕ್ಸೂಚಿ, ಗಡಿಯಾರ ಇಷ್ಟನ್ನೇ ಇಟ್ಟುಕೊಂಡು ಹಾರುವುದು ಈ ಹವ್ಯಾಸದ ತಿರುಳು. ಪಶ್ಚಿಮದಿಂದ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ, ನೇರ ದಕ್ಷಿಣಕ್ಕೆ ಮೂಗು ಇಟ್ಟು ಹೊರಟ ವಿಮಾನ ಅರ್ಧ ಗಂಟೆಯಲ್ಲಿ 20 ಕಿಲೋಮೀಟರ್ ಪೂರ್ವಕ್ಕೆ ಸರಿದಿರುತ್ತದೆ. ಗಾಳಿಗೆ ಎದುರಾಗಿ ಎಷ್ಟು ಕೋನ ತಿರುಗಿಸಿದರೆ ದಾರಿ ನೇರವಾಗುತ್ತದೆ ಎಂಬುದು ಹೈಸ್ಕೂಲಿನ ತ್ರಿಕೋನಮಿತಿ. ಪರೀಕ್ಷೆಗಾಗಿ ಕಲಿತು ಮರೆತದ್ದು ಇಲ್ಲಿ ಕಣ್ಣೆದುರೇ ಉಪಯೋಗಕ್ಕೆ ಬರುತ್ತದೆ.

ನಮ್ಮ ನಾಗರಿಕ ವಿಮಾನಯಾನ ಶುರುವಾದದ್ದೇ ಹೀಗೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಹೊತ್ತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಬಂದರು. ಅಲ್ಲಿಂದ ನೆವಿಲ್ ವಿಂಟ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಮುಟ್ಟಿಸಿದರು. ಹೊಳೆ, ರೈಲು ಹಳಿ, ಬೆಟ್ಟಗಳನ್ನು ಕಣ್ಣಿನಿಂದಲೇ ಗುರುತಿಸಿ ಹಾರಬೇಕಾದ ಕಾಲ ಅದು. ಸಣ್ಣ ವಿಮಾನ ಕಟ್ಟುವುದರಲ್ಲೂ ಕರ್ನಾಟಕಕ್ಕೆ ಸ್ವಂತ ಪರಂಪರೆಯಿದೆ. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಎಚ್‌ಎಎಲ್ ತಯಾರಿಸಿದ ಪುಷ್ಪಕ್ 1958ರಲ್ಲಿ ಹಾರಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಎರಡು ಸೀಟಿನ ಹಂಸ 1993ರಲ್ಲಿ, ಅದರ ಹೊಸ ರೂಪ ಹಂಸ-ಎನ್‌ಜಿ 2021ರಲ್ಲಿ ಹಾರಿದವು.

ಹುಬ್ಬಳ್ಳಿಯಿಂದ ಕಡಲಿಗೆ

ನಮ್ಮ ಭಾಗದವರಿಗೆ ಹತ್ತಿರದ ರನ್‌ವೇ ಹುಬ್ಬಳ್ಳಿಯದು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,170 ಅಡಿ, ಆದ್ದರಿಂದ ಅಲ್ಟಿಮೀಟರ್ 4,200 ತೋರಿಸಿದಾಗ ನಾವು ನೆಲದಿಂದ ಎರಡು ಸಾವಿರ ಅಡಿ ಮೇಲಿರುತ್ತೇವೆ. ನೈಋತ್ಯಕ್ಕೆ ತಿರುಗಿ ಹೆದ್ದಾರಿಯನ್ನು ಎಡಕ್ಕೆ ಇಟ್ಟುಕೊಂಡರೆ ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರ ತಲುಪಲು ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಚೌಕಚೌಕವಾದ ಹೊಲಗಳು ಕಿರವತ್ತಿ ಬರುವ ಹೊತ್ತಿಗೆ ಕರಗುತ್ತವೆ. ತೇಗದ ನೆಡುತೋಪು ಸಮನಾಗಿ, ಸ್ವಾಭಾವಿಕ ಕಾಡು ಗುಡ್ಡೆಗುಡ್ಡೆಯಾಗಿ ಕಾಣುತ್ತದೆ. ಯಲ್ಲಾಪುರ ದಾಟಿದ ಮೇಲೆ ಅಡಿಕೆ ತೋಟಗಳು ಬರುತ್ತವೆ. ಅವು ಎಲ್ಲೂ ಅಗಲವಾಗಿ ಹರಡಿಲ್ಲ, ಹಳ್ಳದ ದಿಕ್ಕು ಹಿಡಿದು ಕಣಿವೆಯ ತಳದಲ್ಲಿ ಪಟ್ಟಿಪಟ್ಟಿಯಾಗಿ ಸಾಗುತ್ತವೆ. ತೋಟದ ಮೇಲಣ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಬೋಳು ಹಸಿರಾಗಿ ಬ್ಯಾಣ, ಅದರಾಚೆ ಕಾನು. ಹವ್ಯಕರ ಮನೆಯ ಹುಡುಗನಿಗೆ ಈ ಹೆಸರುಗಳನ್ನು ಯಾರೂ ಕಲಿಸಬೇಕಿಲ್ಲ. ಆದರೆ ತೋಟ, ಬೆಟ್ಟ, ಕಾನು ಒಂದು ಹಳ್ಳದ ಸುತ್ತ ಹೇಗೆ ಜೋಡಿಸಿಕೊಂಡಿವೆ, ಒಂದರ ನೀರು ಇನ್ನೊಂದಕ್ಕೆ ಹೇಗೆ ಇಳಿಯುತ್ತದೆ ಎಂಬುದು ಇಡಿಯಾಗಿ ಕಾಣುವುದು ಮೇಲಿನಿಂದಲೇ.

ಮುಂದೆ ನೆಲ ಹಠಾತ್ತನೆ ಕುಸಿಯುತ್ತದೆ. ಮಾಗೋಡಿನಲ್ಲಿ ಬೇಡ್ತಿ ಹೊಳೆ ಸುಮಾರು 200 ಮೀಟರ್ ಕೆಳಗೆ ಧುಮುಕುವ ಜಾಗ ಅದು. ಈ ಕಣಿವೆಯನ್ನು ಹಿಡಿದು ಇಳಿದರೆ ಹೊಳೆ ಗಂಗಾವಳಿಯಾಗಿ ಅಂಕೋಲೆ ಮತ್ತು ಗೋಕರ್ಣದ ನಡುವೆ ಕಡಲು ಸೇರುವ ತನಕ ಹೋಗಬಹುದು. ಇಳಿಯುವುದು ಸುಲಭ, ವಾಪಸು ಬರುವಾಗ ಲೆಕ್ಕ ಬೇಕು. ಏರುವಾಗ ಸೆಸ್ನಾದ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್, ಅಂದರೆ ನಿಮಿಷಕ್ಕೆ 2.3 ಕಿಲೋಮೀಟರ್. ಒಂದು ನಿಮಿಷಕ್ಕೆ ಅದು ಏರುವುದು 700 ಅಡಿ, ಅಂದರೆ ಸುಮಾರು 210 ಮೀಟರ್. ಮಾಗೋಡಿನ ಜಿಗಿತವೊಂದನ್ನು ದಾಟಲಿಕ್ಕೇ ಎರಡು ಕಿಲೋಮೀಟರಿಗೂ ಹಿಂದಿನಿಂದ ಏರುತ್ತ ಬರಬೇಕು. ಅಕ್ಕಪಕ್ಕದ ಗುಡ್ಡಗಳು ಒತ್ತಿಕೊಂಡು ಬಂದು, ತಿರುಗಲು ಜಾಗವಿಲ್ಲದಾದ ಮೇಲೆ ಲೆಕ್ಕ ಹಾಕಿದರೆ ತಡವಾಯಿತು. ಬೆಟ್ಟದ ಕಣಿವೆಗಳಲ್ಲಿ ನಿಜವಾದ ವಿಮಾನಗಳು ಅಪಘಾತಕ್ಕೀಡಾಗುವ ಒಂದು ಮುಖ್ಯ ಕಾರಣ ಇದೇ. ಸಿಮ್ಯುಲೇಟರ್ ಇದನ್ನು ಜೀವಹಾನಿಯಿಲ್ಲದೆ ಕಲಿಸುತ್ತದೆ.

ಜುಲೈ ತಿಂಗಳಲ್ಲಿ ಇದೇ ದಾರಿಯನ್ನು ಆ ಹೊತ್ತಿನ ನಿಜವಾದ ಹವಾಮಾನದೊಂದಿಗೆ ಹಾರಿ ನೋಡಬೇಕು. ಹುಬ್ಬಳ್ಳಿಯಲ್ಲಿ ಮೋಡ ಸ್ವಲ್ಪ ಮೇಲಿದ್ದರೂ ಯಲ್ಲಾಪುರದ ಹೊತ್ತಿಗೆ ಅದು ಮರದ ತುದಿಗೆ ಇಳಿದಿರುತ್ತದೆ. ಅರಬ್ಬಿ ಸಮುದ್ರದ ತೇವ ತುಂಬಿದ ಗಾಳಿ ಘಟ್ಟ ಹತ್ತುವಾಗ ತಣಿದು ಮೋಡವಾಗಿ ಸುರಿಯುತ್ತದೆ, ದಾಟಿದ ಮೇಲೆ ಒಣಗುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದು ಇಲ್ಲಿ ಅನುಭವಕ್ಕೆ ಬರುತ್ತದೆ. ಮುಂದೆ ಹೋಗದೆ ಹಿಂದಿರುಗುವುದೇ ಆ ದಿನದ ಸರಿಯಾದ ತೀರ್ಮಾನ.

ನಾಲ್ಕು ಹೊಳೆಗಳ ಕಥೆ

ಈ ಹವ್ಯಾಸದಿಂದ ನಮ್ಮ ಜಿಲ್ಲೆಗೆ ಆಗುವ ಅತಿ ದೊಡ್ಡ ಲಾಭ ನದಿಗಳ ವಿಷಯದ್ದು. ಉತ್ತರದಿಂದ ದಕ್ಷಿಣಕ್ಕೆ ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ. ನಾಲ್ಕೂ ಪಶ್ಚಿಮಕ್ಕೆ ಹರಿಯುತ್ತವೆ. ಒಂದೇ ಹಾರಾಟದಲ್ಲಿ ನಾಲ್ಕನ್ನೂ ಅಡ್ಡ ದಾಟಿದರೆ ಕಾಣುವ ವ್ಯತ್ಯಾಸ ಯಾವ ಭಾಷಣಕ್ಕಿಂತ ಸ್ಪಷ್ಟ. ಕಾಳಿಯ ಉದ್ದಕ್ಕೂ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಜಲಾಶಯಗಳ ಸಾಲು. ಶರಾವತಿಯಲ್ಲಿ 1964ರ ಲಿಂಗನಮಕ್ಕಿಯ ನೀರು ಗುಡ್ಡಗಳ ನಡುವೆ ಬೆರಳು ಬಿಡಿಸಿ ಹರಡಿದೆ, ಅದರ ಕೆಳಗೆ 253 ಮೀಟರಿನ ಜೋಗ. ಈ ಎರಡರ ನಡುವೆ ಬೇಡ್ತಿ ಮತ್ತು ಅಘನಾಶಿನಿ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುತ್ತವೆ. ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಅಘನಾಶಿನಿ, ಕುಮಟೆಯ ಅಳಿವೆಯಲ್ಲಿ ಗಜನಿ ಗದ್ದೆಗಳ ನಡುವೆ ಅಗಲವಾಗುತ್ತದೆ.

ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ನಮ್ಮ ಹಿರಿಯರು ವಿರೋಧಿಸಿ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಪ್ರಸ್ತಾಪ ಇಂದಿಗೂ ಚರ್ಚೆಯಲ್ಲಿದೆ. ಪರ ವಿರೋಧ ಎರಡೂ ಕಡೆಯವರು ಒಮ್ಮೆ ಶಿರಸಿಯ ಮೇಲೆ ನಿಧಾನವಾಗಿ ಹಾರಿ ನೋಡಬೇಕು. ಶಿರಸಿ ಸೀಮೆಯ ಒಂದು ಏಣಿನ ಈಚೆ ಬಿದ್ದ ಮಳೆ ಅಘನಾಶಿನಿಗೋ ಬೇಡ್ತಿಗೋ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಆಚೆ ಬಿದ್ದದ್ದು ಬನವಾಸಿಯ ವರದೆಗೆ ಸೇರಿ, ತುಂಗಭದ್ರೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೀರನ್ನು ಈ ಏಣು ದಾಟಿಸುವುದೆಂದರೆ ಏನು, ಕಾಲುವೆ ಯಾವ ಕಾಡನ್ನು ಸೀಳಬೇಕು, ಯಾವ ತೋಟಗಳ ಪಕ್ಕ ಹಾಯಬೇಕು ಎಂಬ ಪ್ರಶ್ನೆಗಳಿಗೆ ಆಗ ಆಕಾರ ಬರುತ್ತದೆ. ಉತ್ತರ ಸಿಮ್ಯುಲೇಟರ್ ಕೊಡುವುದಿಲ್ಲ. ಆದರೆ ನೆಲ ಗೊತ್ತಿದ್ದವರು ಕೇಳುವ ಪ್ರಶ್ನೆಗೆ ಬೇರೆಯೇ ತೂಕವಿರುತ್ತದೆ.

ಎಲ್ಲಿ ತಪ್ಪುತ್ತದೆ?

ಸಿಮ್ಯುಲೇಟರಿನ ಭೂಮಿ ನಿಜವಾದ ಭೂಮಿಯಲ್ಲ, ಅದರ ಅಳತೆಗಳಿಂದ ಕಟ್ಟಿದ ಮಾದರಿ. 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ರೇಡಾರ್ ಹಾಯಿಸಿ ಭೂಮಿಯ ಶೇ. 80ರಷ್ಟು ನೆಲದ ಏರುತಗ್ಗು ಅಳೆಯಿತು. ಫ್ಲೈಟ್‌ಗಿಯರ್‌ನಂಥವು ನೆಚ್ಚಿಕೊಂಡದ್ದು ಈ ಮಾಹಿತಿಯನ್ನು. ಅಮೆರಿಕಕ್ಕೆ ಪ್ರತಿ 30 ಮೀಟರಿಗೊಂದು ಅಳತೆ ಮೊದಲೇ ಸಿಕ್ಕಿತ್ತು. ನಮಗೆ ಬಹುಕಾಲ ಸಿಕ್ಕಿದ್ದು 90 ಮೀಟರಿಗೊಂದು. ಅಷ್ಟು ದೂರದೂರದ ಅಳತೆಯಲ್ಲಿ ಕಡಿದಾದ ಬಂಡೆ ಉಳಿಯುವುದಿಲ್ಲ. ಯಾಣದ ಭೈರವೇಶ್ವರ ಶಿಖರ ಕಂಬಳಿ ಹೊದ್ದು ಕೂತಂತೆ ದುಂಡಗಾಗುತ್ತದೆ, ಮಾಗೋಡಿನ ಜಿಗಿತ ಇಳಿಜಾರಾಗುತ್ತದೆ. ದಟ್ಟ ಕಾಡಿನಲ್ಲಿ ರೇಡಾರ್ ಅಲೆ ನೆಲ ಮುಟ್ಟುವ ಮೊದಲೇ ಮರದ ನೆತ್ತಿಗೆ ಬಡಿದು ಮರಳುವುದರಿಂದ ನಮ್ಮ ಕಾನುಗಳ ನೆಲ ಇದ್ದದ್ದಕ್ಕಿಂತ ಎತ್ತರವಾಗಿ ದಾಖಲಾಗಿದೆ.

ಕಟ್ಟಡಗಳದ್ದು ಇನ್ನೊಂದು ಸಮಸ್ಯೆ. ಅಮೆರಿಕ, ಯುರೋಪ್, ಜಪಾನಿನ ಎಷ್ಟೋ ನಗರಗಳನ್ನು ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆದು ಇದ್ದಂತೆಯೇ ನಿಲ್ಲಿಸಿದ್ದಾರೆ. 2020ರ ಸಿಮ್ಯುಲೇಟರಿಗೆ ಬಂದ ಮೊದಲ ಪ್ರಾದೇಶಿಕ ಪರಿಷ್ಕರಣೆ ಜಪಾನಿನದು. ನಮ್ಮಂಥ ಊರುಗಳಲ್ಲಿ ಮೇಲಿನ ಚಿತ್ರದಲ್ಲಿ ಚಾವಣಿ ಕಂಡ ಕಡೆ ಕಂಪ್ಯೂಟರ್ ತನಗೆ ತೋಚಿದ ಮನೆ ಕಟ್ಟುತ್ತದೆ. ಹೆಂಚಿನ ಮನೆಯ ಜಾಗದಲ್ಲಿ ಯಾವುದೋ ದೇಶದ ಬಂಗಲೆ ಎದ್ದಿರುತ್ತದೆ, ಅಡಿಕೆ ತೋಟದಲ್ಲಿ ಅಡಿಕೆಯಲ್ಲದ ಮರ. ಭಾರತದಲ್ಲಿ ನಕ್ಷೆಗಳ ಮೇಲೆ ದೀರ್ಘಕಾಲ ಇದ್ದ ನಿರ್ಬಂಧವೂ ಮಾಹಿತಿಯ ಕೊರತೆಗೆ ಕಾರಣ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದು ಇದನ್ನು ಬಹುಮಟ್ಟಿಗೆ ಸಡಿಲಿಸಿದೆ.

ಹಿರಿಯರ ನೆಲಕ್ಕೆ

ಜಗತ್ತು ಸುತ್ತುವವರು ಮೆಚ್ಚುವ ದಾರಿಗಳು ಕೆಲವಿವೆ. ನೇಪಾಳದ ಲುಕ್ಲಾ ಅವುಗಳಲ್ಲಿ ಮೊದಲನೆಯದು. ಸಮುದ್ರಮಟ್ಟದಿಂದ 2,845 ಮೀಟರ್ ಎತ್ತರದಲ್ಲಿ 527 ಮೀಟರ್ ಉದ್ದದ ರನ್‌ವೇ, ಒಂದು ತುದಿಗೆ ಗುಡ್ಡ, ಇನ್ನೊಂದು ತುದಿಗೆ ಪ್ರಪಾತ. ಪ್ಯಾಟಗೋನಿಯಾ, ಅಲಾಸ್ಕ, ಆಲ್ಪ್ಸ್ ಕಣಿವೆಗಳಿಗೂ ಹಾಗೇ ಮುಗಿಬೀಳುತ್ತಾರೆ. ಈ ದಾರಿಗಳಲ್ಲಿ ಒಂಟಿಯಾಗಿಯೇ ಹಾರಬೇಕೆಂದಿಲ್ಲ: 2001ರಲ್ಲಿ ಆರಂಭವಾದ ವ್ಯಾಟ್‌ಸಿಮ್ ಜಾಲದಲ್ಲಿ ಸ್ವಯಂಸೇವಕರೇ ವಾಯು ಸಂಚಾರ ನಿಯಂತ್ರಕರಾಗಿ ಕೂತು, ನಿಜದ ಮಾತಿನ ಕ್ರಮದಲ್ಲೇ ಅಪ್ಪಣೆ ಕೊಡುತ್ತಾರೆ.

ಆದರೆ ನಮ್ಮ ಭಾಗದಿಂದ ಹೊರಡುವವರಿಗೆ ಬೇರೆ ದಾರಿಗಳೂ ಇವೆ. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಬಾಳುವ ಸಿದ್ದಿ ಸಮುದಾಯದ ಪೂರ್ವಿಕರು ಆಫ್ರಿಕದಿಂದ ಬಂದವರು. ಆಫ್ರಿಕದ ಕರಾವಳಿಯ ಮೇಲೆ ಸಿದ್ದಿ ಹುಡುಗಿಯೊಬ್ಬಳು ತಾನೇ ವಿಮಾನ ನಡೆಸಿಕೊಂಡು ಹೋಗಬಹುದು. 1966ರಲ್ಲಿ ಸ್ಥಾಪನೆಯಾದ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿದ ಮಕ್ಕಳು ಅಜ್ಜ ಅಜ್ಜಿ ಬಿಟ್ಟು ಬಂದ ಲ್ಹಾಸಾವನ್ನು ನೋಡಿದವರಲ್ಲ. ಅಲ್ಲಿಗೆ ಸೆಸ್ನಾದಲ್ಲಿ ಹೊರಟರೆ ಟಿಬೆಟ್ ಎಂಥ ಎತ್ತರದ ನಾಡು ಎಂಬುದು ಎಂಜಿನ್ನಿನ ಸದ್ದಿನಲ್ಲೇ ತಿಳಿಯುತ್ತದೆ. ಈ ವಿಮಾನ ಏರಬಲ್ಲ ಗರಿಷ್ಠ ಎತ್ತರ ಸುಮಾರು 14,000 ಅಡಿ. ಲ್ಹಾಸಾದ ನೆಲವೇ ಸುಮಾರು 12,000 ಅಡಿ ಎತ್ತರದಲ್ಲಿದೆ. ತೆಳುಗಾಳಿಯಲ್ಲಿ ಏದುಸಿರು ಬಿಡುತ್ತ, ಪರ್ವತಗಳನ್ನು ದಾಟಲಾಗದೆ ಕಣಿವೆಯಲ್ಲೇ ಸುಳಿಯಬೇಕು. ಮನೆಯಲ್ಲಿ ಕೇಳಿದ ಕಥೆಗೆ ಈ ಅನುಭವ ಸೇರಿದರೆ ಅದು ಬರೀ ಆಟವಾಗಿ ಉಳಿಯುವುದಿಲ್ಲ.

ಪೈಲಟ್ ಆಗಬಹುದೇ?

ತಂದೆತಾಯಿಗಳು ಕೇಳುವ ಪ್ರಶ್ನೆ ಇದು. ಮನೆಯ ಸಿಮ್ಯುಲೇಟರಿನಲ್ಲಿ ಎಷ್ಟು ಹಾರಿದರೂ ಅದು ಲೈಸೆನ್ಸಿನ ಲೆಕ್ಕಕ್ಕೆ ಬಾರದು. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು, ಖರ್ಚು ಹತ್ತಾರು ಲಕ್ಷ ರೂಪಾಯಿ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ಹಳೆಯ ತರಬೇತಿ ಶಾಲೆಯಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲೂ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗುವ ಮೊದಲು ಮಾಪಕಗಳ ಪರಿಚಯ, ಚೆಕ್‌ಲಿಸ್ಟ್ ಓದುವ ಶಿಸ್ತು, ರೇಡಿಯೊ ಮಾತು, ದಿಕ್ಕಿನ ಲೆಕ್ಕ ಇಷ್ಟನ್ನು ಮನೆಯಲ್ಲೇ ಕಲಿಯಬಹುದು. ಬೆನ್ನಿಗೆ ತಾಗುವ ಕುಲುಕು, ತಿರುವಿನಲ್ಲಿ ಮೈಯ ಭಾರ, ಭಯ ಇವನ್ನು ಪರದೆ ಕಲಿಸದು. ಹೊರಗೆ ನೋಡುವುದನ್ನು ಬಿಟ್ಟು ಮಾಪಕಗಳಿಗೇ ಕಣ್ಣು ನೆಡುವ ಕೆಟ್ಟ ಅಭ್ಯಾಸವನ್ನೂ ಅದು ಬೆಳೆಸಬಲ್ಲದು. ನಿಧಾನಕ್ಕೆ, ಕೆಳಗೆ, ನೆಲ ನೋಡುತ್ತ ಹಾರುವುದೇ ಆ ಅಭ್ಯಾಸಕ್ಕೆ ಮದ್ದು.

ಎಲ್ಲಿಂದ ಶುರು ಮಾಡಬೇಕು?

ಖರ್ಚಿನ ಮಾತು ಬಿಡುವಂತಿಲ್ಲ. ಮೈಕ್ರೋಸಾಫ್ಟಿನ ಹೊಸ ಸಿಮ್ಯುಲೇಟರಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ವೇಗದ ಇಂಟರ್‌ನೆಟ್ ಬೇಕು. ಮಳೆಗಾಲದಲ್ಲಿ ಕರೆಂಟೇ ನೆಚ್ಚಿಗೆಯಲ್ಲದ ಹಳ್ಳಿಗಳಿಗೆ ಅದು ದೂರದ ಮಾತು. ಆದರೆ ಫ್ಲೈಟ್‌ಗಿಯರ್ ಉಚಿತ, ಬೇಕಾದ ಪ್ರದೇಶವನ್ನು ಮೊದಲೇ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಬ್ರೌಸರಿನಲ್ಲೇ ಹಾರಿಸಬಹುದಾದ ಜಿಯೋ-ಎಫ್‌ಎಸ್ ಇದೆ. ಗೂಗಲ್ ಅರ್ಥ್ ಪ್ರೊದಲ್ಲಿ ನಮ್ಮೂರನ್ನು ತೆರೆದುಕೊಂಡು, ಅದರೊಳಗಿನ ಸಿರಸ್ ಎಸ್‌ಆರ್22 ಎಂಬ ಸಣ್ಣ ವಿಮಾನವನ್ನು ಅಲ್ಲಿಂದಲೇ ಹಾರಿಸಬಹುದು. ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಇಷ್ಟು ಸಾಕು.

ನಕ್ಷೆ ತಿದ್ದುವ ಎರಡನೆಯ ಕೆಲಸ ಇನ್ನೂ ಮುಖ್ಯ. ಎಕ್ಸ್-ಪ್ಲೇನ್ ತನ್ನ ರಸ್ತೆ, ಕಟ್ಟಡಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಿಂದ ಪಡೆಯುತ್ತದೆ, ಫ್ಲೈಟ್‌ಗಿಯರ್ ಕೂಡ ಅದನ್ನು ಬಳಸಬಲ್ಲದು. ಆ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಕಿರವತ್ತಿಯ ಒಂದು ಕೆರೆ, ಒಂದು ಕಾಲುದಾರಿ, ಒಂದು ಗೌಳಿ ದೊಡ್ಡಿ ಅದರಲ್ಲಿ ಇಲ್ಲವೆಂದರೆ, ಸೇರಿಸಬೇಕಾದವರು ಅಲ್ಲಿ ನಡೆದಾಡಿದವರೇ. ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಲು ಅಲ್ಲಿ ಅವಕಾಶವಿದೆ. ಒಂಬತ್ತನೇ ತರಗತಿಯ ಮಕ್ಕಳು ಶಿಕ್ಷಕರೊಂದಿಗೆ ತಮ್ಮ ಗ್ರಾಮ ಪಂಚಾಯ್ತಿಯ ಹಳ್ಳ, ಕೆರೆ, ಗುಡ್ಡಗಳನ್ನು ಗುರುತಿಸಿ ನಕ್ಷೆಗೆ ಏರಿಸಿದರೆ ಅದು ಭೂಗೋಳದ ಪಾಠವೂ ಆಯಿತು, ಊರಿನ ದಾಖಲೆಯೂ ಆಯಿತು.

ಆದ್ದರಿಂದ ಮಕ್ಕಳಿಗೆ ನನ್ನ ಸಲಹೆ ಒಂದೇ. ಪ್ಯಾರಿಸ್, ನ್ಯೂಯಾರ್ಕುಗಳನ್ನು ಖಂಡಿತ ನೋಡಿ, ಆದರೆ ಮೊದಲ ಹಾರಾಟ ಹುಬ್ಬಳ್ಳಿಯಿಂದ ಕಿರವತ್ತಿಯ ಮೇಲೆ ಕಡಲ ತನಕ ಇರಲಿ. ನಮ್ಮ ಹೊಳೆ ಹುಟ್ಟುವುದೆಲ್ಲಿ, ಧುಮುಕುವುದೆಲ್ಲಿ, ಯಾರ ತೋಟಕ್ಕೆ ನೀರುಣಿಸುತ್ತದೆ ಎಂದು ಮೇಲಿನಿಂದ ಗುರುತಿಸಲು ಬಂದವರಿಗೆ ಪ್ಯಾಟಗೋನಿಯಾದ ಕಣಿವೆಯೂ ಅರ್ಥವಾಗುತ್ತದೆ. ತಮ್ಮ ನೆಲದ ಮೇಲೆ ನಾಳೆ ಯಾವ ಯೋಜನೆ ಬಂದರೂ ನಕ್ಷೆ ಹರಡಿ, ಇದು ಇಲ್ಲಿಗೇ ಏಕೆ ಎಂದು ಕೇಳಲು ಅವರಿಗೆ ಬರುತ್ತದೆ. ಈ ಹವ್ಯಾಸವನ್ನು ನಮ್ಮ ಶಾಲೆಗಳಿಗೆ ತರಬೇಕೆಂದು ನಾನು ಹೇಳುವುದು ಅದಕ್ಕಾಗಿಯೇ.